ಸಹಾಯಧನ: ಅರ್ಜಿಗೆ ಮೊದಲು ಲೆಕ್ಕ



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಬಹುಮಂದಿ ಸದಸ್ಯರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದರು. ಹಣ್ಣು, ತರಕಾರಿ, ನರ್ಸರಿ ಬೆಳೆಗಳಿಗೆ ಸರ್ಕಾರ ಇಷ್ಟು ಕೊಡುತ್ತದೆ, ಅಷ್ಟು ಕೊಡುತ್ತದೆ ಎಂದು ಓದುತ್ತೇವೆ, ಕೇಳುತ್ತೇವೆ. ಅದು ನಮ್ಮ ಎರಡು ಎಕರೆ ತೋಟದ ತನಕ ಬರುವುದು ಏಕೆ ಅಪರೂಪ? ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂದರು. ಸಭೆ ನಕ್ಕಿತು. ಆದರೆ ಸಭೆ ಮುಗಿದ ಮೇಲೆ ಸಂಘದ ಕಡತಗಳನ್ನು ತೆಗೆದು ನಾವು ನೋಡಿದಾಗ ಕಂಡದ್ದು ಬೇರೆ. ತಿರಸ್ಕೃತವಾಗಿ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಪೂಜಾರಿಯಿಂದ ಕೆಟ್ಟವಲ್ಲ. ನಮ್ಮ ಲೆಕ್ಕ, ನಮ್ಮ ಕಾಗದ, ನಮ್ಮ ಅವಸರ, ಈ ಮೂರರಿಂದ ಕೆಟ್ಟವು. ಅವುಗಳಲ್ಲಿ ಒಂದು ಅರ್ಜಿ ನಮ್ಮದೇ ಆಗಿತ್ತು.

ಆದುದರಿಂದ ಈ ಸಂಚಿಕೆಯ ಪಾಠವನ್ನು ಸಹಾಯಧನದ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಯೋಜನೆಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ಸಹಾಯಧನ ಎಂಬುದು ಹೇಗೆ ನಡೆಯುತ್ತದೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ. ಅದನ್ನು ತಿಳಿದವರಿಗೆ ಯಾವ ವರ್ಷದ ಪಟ್ಟಿಯೂ ಅರ್ಥವಾಗುತ್ತದೆ.

ಯಾವ ಬಾಗಿಲು ಯಾರಿಗೆ

ಮೊದಲಿಗೆ, ನಮ್ಮ ಎರಡು ಮುಖ್ಯ ಬೆಳೆಗಳ ಸ್ಥಾನವನ್ನು ತಿಳಿಯೋಣ. ಕಾಫಿಯು 1942ರ ಕಾಫಿ ಕಾಯಿದೆಯಂತೆ ಕಾಫಿ ಮಂಡಳಿಯ ಆಶ್ರಯದಲ್ಲಿದೆ. ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಸೇರಿದ್ದು. ಕಾಫಿಯ ಮರುನಾಟಿಗೋ ನೀರಿನ ಸೌಕರ್ಯಕ್ಕೋ ನೆರವು ಬೇಕಾದವರು ತಟ್ಟಬೇಕಾದ ಬಾಗಿಲು ಮಂಡಳಿಯದು, ತೋಟಗಾರಿಕೆ ಇಲಾಖೆಯದಲ್ಲ. ಅಡಿಕೆ ತೋಟಗಾರಿಕೆಯ ಬೆಳೆಯೇ ಆದರೂ ಅದರ ವಿಸ್ತೀರ್ಣ ಹೆಚ್ಚಿಸಲು ಕೇಂದ್ರದ ತೋಟಗಾರಿಕೆ ಯೋಜನೆಯಲ್ಲಿ ಹಣವಿಲ್ಲ. ಆ ಯೋಜನೆಯ ತೋಟದ ಬೆಳೆಗಳ ಪಟ್ಟಿಯಲ್ಲಿ ಹೊಸ ನಾಟಿಗೆ ನೆರವು ಪಡೆಯುತ್ತ ಬಂದಿರುವುದು ಗೇರು ಮತ್ತು ಕೋಕೋ.

ಹಾಗಾದರೆ ನಮಗೇನು ಉಳಿಯಿತು? ಬೇಕಾದಷ್ಟಿದೆ. ಅಡಿಕೆಯ ನಡುವಿನ ಕೋಕೋ, ಜಾಯಿಕಾಯಿ, ಬಾಳೆ. ಕಾಫಿಯ ನೆರಳಿನ ಮರಕ್ಕೆ ಹಬ್ಬಿದ ಕಾಳುಮೆಣಸು. ತೋಟದಂಚಿನ ಬೆಣ್ಣೆಹಣ್ಣು, ರಂಬುಟಾನ್. ಮನೆ ಹಿಂದಿನ ತರಕಾರಿ, ಸಸಿಮಡಿ. ಜೇನುಪೆಟ್ಟಿಗೆ, ಹನಿ ನೀರಾವರಿ, ಪ್ಯಾಕ್‌ಹೌಸ್. ಎಲೆಚುಕ್ಕೆ ರೋಗವೂ ಹಳದಿ ಎಲೆ ರೋಗವೂ ಘಟ್ಟದ ತೋಟಗಳನ್ನು ತಿನ್ನುತ್ತಿರುವ ಈ ಕಾಲದಲ್ಲಿ, ಅಡಿಕೆಯೊಂದನ್ನೇ ನಂಬಿದ ಸಂಸಾರಗಳಿಗೆ ಈ ಪಕ್ಕದ ಬೆಳೆಗಳೇ ನಾಳೆಯ ಅನ್ನವಾಗಬಹುದು. ಈ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ ಎಂದು ನಾವು ಹೇಳುವುದು ಇದಕ್ಕೇ.

ಈ ಏರ್ಪಾಡಿನ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಹೇಳುವುದಾದರೆ, ರಾಷ್ಟ್ರೀಯ ತೋಟಗಾರಿಕೆ ಮಂಡಳಿಯು 1984ರಲ್ಲಿ ಸ್ಥಾಪಿತವಾಯಿತು. ರಾಷ್ಟ್ರೀಯ ತೋಟಗಾರಿಕೆ ಮಿಷನ್ 2005-06ರಲ್ಲಿ ಆರಂಭವಾಯಿತು. 2014-15ರಿಂದ ಇವೆರಡನ್ನೂ ಇತರ ಕೆಲವು ಯೋಜನೆಗಳೊಂದಿಗೆ ಸೇರಿಸಿ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಎಂಬ ಒಂದೇ ಛತ್ರದಡಿ ತರಲಾಯಿತು. ನಮ್ಮ ರಾಜ್ಯದಲ್ಲಿ ಮಿಷನ್ನಿನ ವೆಚ್ಚವನ್ನು ಕೇಂದ್ರ ನೂರಕ್ಕೆ 60, ರಾಜ್ಯ ನೂರಕ್ಕೆ 40ರಂತೆ ಹೊರುತ್ತವೆ. ಈ ಎರಡು ಪಾಲೂ ಬಂದು ಸೇರಿ, ಜಿಲ್ಲೆಯ ವಾರ್ಷಿಕ ಕ್ರಿಯಾಯೋಜನೆಗೆ ಮಂಜೂರಾತಿ ದೊರೆತ ಮೇಲೆಯೇ ತಾಲ್ಲೂಕು ಕಛೇರಿಗೆ ಗುರಿ ಬರುವುದು. ಏಪ್ರಿಲ್‌ನಲ್ಲಿ ಹೋದರೆ ಇನ್ನೂ ಬಂದಿಲ್ಲ, ಮಾರ್ಚಿಯಲ್ಲಿ ಹೋದರೆ ಮುಗಿಯಿತು ಎಂಬ ಉತ್ತರಕ್ಕೆ ಅರ್ಧ ಕಾರಣ ಇಲ್ಲಿದೆ.

ಮುಂದೆ ಉದಾಹರಣೆಗೆ ಬಳಸುವ ಅಂಕಿಗಳು 2014ರ ಮಾರ್ಗಸೂಚಿಯವು. 2025ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿ ವೆಚ್ಚದ ದರಗಳನ್ನು ಏರಿಸಿದ್ದಾರೆ. ಆದುದರಿಂದ ಇಲ್ಲಿಯ ರೂಪಾಯಿಗಳನ್ನು ಲೆಕ್ಕದ ಮಾದರಿಗೆ ಮಾತ್ರ ತೆಗೆದುಕೊಳ್ಳಿ. ಅರ್ಜಿ ಹಾಕುವ ದಿನದ ದರವನ್ನು ಕಛೇರಿಯಲ್ಲಿ ಬರೆದುಕೊಂಡು ಇದೇ ಮಾದರಿಯಲ್ಲಿ ಹಾಕಿ ನೋಡಿ.

ಅರ್ಧ ಎಂದರೆ ಯಾವುದರ ಅರ್ಧ?

ಸಹಾಯಧನ ಶೇಕಡ 50 ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಖರ್ಚಿನ ಅರ್ಧ ಎಂದು ತಿಳಿಯುತ್ತಾರೆ. ಅದು ಖರ್ಚಿನ ಅರ್ಧವಲ್ಲ, ಸರ್ಕಾರ ಗೊತ್ತುಪಡಿಸಿದ ಘಟಕ ವೆಚ್ಚದ ಅರ್ಧ. ಇವೆರಡರ ನಡುವಿನ ಅಂತರದಲ್ಲಿಯೇ ಸಣ್ಣ ಬೆಳೆಗಾರ ಮುಗ್ಗರಿಸುವುದು.

ಪ್ಯಾಕ್‌ಹೌಸನ್ನು ನೋಡಿ. 9 ಮೀಟರ್ ಉದ್ದ, 6 ಮೀಟರ್ ಅಗಲದ ಪ್ಯಾಕ್‌ಹೌಸಿಗೆ 2014ರ ಮಾರ್ಗಸೂಚಿಯ ಘಟಕ ವೆಚ್ಚ ರೂ. 4 ಲಕ್ಷ, ಅದರ ಶೇಕಡ 50, ಅಂದರೆ ರೂ. 2 ಲಕ್ಷ ಸಹಾಯಧನ. ನಮ್ಮ ಕಡೆ ಜಲ್ಲಿ, ಸಿಮೆಂಟು ಘಟ್ಟ ಹತ್ತಿ ಬರಬೇಕು. ಮಳೆಗೆ ಸೂರು ಇಳಿಜಾರಾಗಿರಬೇಕು, ಗೋಡೆಗೆ ಎರಚಲು ತಾಗದಂತೆ ಹೊರಚಾಚು ಬೇಕು. ನಾವು ಕಟ್ಟಿದಾಗ ಮೇಸ್ತ್ರಿಯ ಲೆಕ್ಕ ಮುಗಿದದ್ದು ರೂ. 5,60,000ಕ್ಕೆ. ಎರಡು ಲಕ್ಷ ಬಂದರೂ ಅದು ಖರ್ಚಿನ ಶೇಕಡ 36ಕ್ಕಿಂತ ತುಸು ಕಡಿಮೆ. ಅರ್ಧ ಸರ್ಕಾರದ್ದು, ಅರ್ಧ ನನ್ನದು ಎಂದು ರೂ. 2,80,000 ಕೂಡಿಟ್ಟು ಹೊರಟವನಿಗೆ ಕೊನೆಯಲ್ಲಿ ರೂ. 80,000 ಕೊರತೆ. ಆ ಕೊರತೆಯನ್ನು ತುಂಬಲು ಆತ ಕೈಸಾಲಕ್ಕೆ ಹೋಗುತ್ತಾನೆ, ಇಲ್ಲವೆ ಬರುವ ವರ್ಷದ ಗೊಬ್ಬರದ ಹಣವನ್ನು ಮುಟ್ಟುತ್ತಾನೆ. ಗೊಬ್ಬರ ತಪ್ಪಿದ ತೋಟ ಎರಡು ವರ್ಷ ನೆನಪಿಟ್ಟುಕೊಂಡು ಸೇಡು ತೀರಿಸುತ್ತದೆ.

ಇನ್ನೊಂದು ಮಾತು. ಮೊದಲು ಪೂರ್ತಿ ಹಣ ಹಾಕಬೇಕಾದವರು ನೀವು. ಕೆಲಸ ಮುಗಿದು, ಬಿಲ್ಲುಗಳನ್ನು ಒಪ್ಪಿಸಿ, ಅಧಿಕಾರಿಗಳು ಅಳೆದು ನೋಡಿ, ಖಜಾನೆಯಲ್ಲಿ ಹಣವಿದ್ದಾಗ, ಆಧಾರ್ ಜೋಡಣೆಯಾದ ನಿಮ್ಮ ಬ್ಯಾಂಕ್ ಖಾತೆಗೆ ಸಹಾಯಧನ ಜಮಾ ಆಗುತ್ತದೆ. ಆ ನಡುವಿನ ಕಾಲವನ್ನು ದಾಟಿಸುವ ಹಣ ನಿಮ್ಮ ಕೈಯಲ್ಲಿರಬೇಕು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಮೊದಲು ಆದೇಶ, ಆಮೇಲೆ ಗುದ್ದಲಿ

ಈಗ ನಮ್ಮದೇ ಅರ್ಜಿಯ ಕಥೆ. 2016ರ ಬೇಸಿಗೆಯಲ್ಲಿ ಮೇಲೆ ಹೇಳಿದ ಪ್ಯಾಕ್‌ಹೌಸಿಗೆ ಅರ್ಜಿ ಕೊಟ್ಟೆವು. ಮೇಸ್ತ್ರಿ ಬಿಡುವಾಗಿದ್ದ; ಮಳೆಗಾಲ ಶುರುವಾದರೆ ಮತ್ತೆ ಐದು ತಿಂಗಳು ಆತ ಸಿಕ್ಕುವುದಿಲ್ಲ. ಅರ್ಜಿ ಕೊಟ್ಟಾಗಿದೆ, ಇನ್ನೇನು ಎಂದು ಅಡಿಪಾಯ ತೋಡಿಸಿ, ಕಲ್ಲು ಕಟ್ಟಿಸಿ, ನೆಲಮಟ್ಟಕ್ಕೆ ತಂದೆವು. ತಿಂಗಳ ಮೇಲೆ ಸ್ಥಳ ಪರಿಶೀಲನೆಗೆ ಅಧಿಕಾರಿಗಳು ಬಂದರು. ಕೆಲಸಕ್ಕೆ ಮುಂಚಿನ ಖಾಲಿ ಜಾಗದ ಛಾಯಾಚಿತ್ರ ತೆಗೆಯಬೇಕಾಗಿದ್ದ ಕಡೆ ಮೂರು ಅಡಿ ಎತ್ತರದ ಕಟ್ಟೆ ನಿಂತಿತ್ತು. ಆರಂಭವಾದ ಕಾಮಗಾರಿಗೆ ಕಾರ್ಯಾದೇಶ ಕೊಡಲು ಬರುವುದಿಲ್ಲವೆಂದು ಅವರು ವಿನಯದಿಂದಲೇ ಹೇಳಿದರು. ನಾವು ವಾದ ಮಾಡಿದೆವು, ಸ್ವಲ್ಪ ಧ್ವನಿಯನ್ನೂ ಏರಿಸಿದೆವು. ಸಹಕಾರ ಸಂಘದ ಕಾರ್ಯದರ್ಶಿ, ಪದವೀಧರ, ನಾಲ್ಕು ಜನರಿಗೆ ಅರ್ಜಿ ಬರೆದುಕೊಡುವವರು ಎಂಬ ಜಂಭವೂ ಒಳಗೆ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ಮಾರ್ಗಸೂಚಿಯನ್ನು ಮನೆಗೆ ಬಂದು ಓದಿದಾಗ ಅವರು ಹೇಳಿದ್ದೇ ಸರಿಯಾಗಿತ್ತು. ಒಂದು ತಿಂಗಳ ಅವಸರದ ಬೆಲೆ ಎರಡು ಲಕ್ಷ ರೂಪಾಯಿ.

ನಿಯಮದ ಹಿಂದಿನ ತರ್ಕವೂ ನ್ಯಾಯವಾದದ್ದೇ. ಎಂದೋ ಕಟ್ಟಿದ್ದಕ್ಕೆ ಇಂದು ಬಿಲ್ಲು ತರುವವರನ್ನು ತಡೆಯಲು, ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ, ಹೀಗೆ ಸ್ಥಳದ ಗುರುತಿನೊಡನೆ ಛಾಯಾಚಿತ್ರ ತೆಗೆಯುತ್ತಾರೆ. ಸದಸ್ಯರು ನೆನಪಿಡಬೇಕಾದ ಕ್ರಮ ಇಷ್ಟು: ಅರ್ಜಿ, ಸ್ಥಳ ಪರಿಶೀಲನೆ, ಕಾರ್ಯಾದೇಶ, ಆಮೇಲೆ ಗುದ್ದಲಿ. ಕಾರ್ಯಾದೇಶದ ದಿನಾಂಕಕ್ಕಿಂತ ಹಿಂದಿನ ಒಂದು ಬಿಲ್ಲೂ ಕಡತದಲ್ಲಿ ಇರಬಾರದು. ಬಿಲ್ಲು ನಿಮ್ಮ ಹೆಸರಿನಲ್ಲಿಯೇ ಇರಲಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಕಂತು ಕಂತಾಗಿ ಬರುವ ಹಣ

ಹೊಸ ನಾಟಿಯ ಸಹಾಯಧನ ಕಟ್ಟಡದ ಹಾಗಲ್ಲ. ಗಿಡ ನೆಟ್ಟ ದಿನ ಸರ್ಕಾರ ಪೂರ್ತಿ ಹಣ ಕೊಡುವುದಿಲ್ಲ. ಗಿಡ ಬದುಕಿದೆಯೇ ಎಂದು ನೋಡಿ ಕೊಡುತ್ತದೆ.

ಕೋಕೋವನ್ನೇ ತೆಗೆದುಕೊಳ್ಳೋಣ. ಕ್ಯಾಂಪ್ಕೊ ಸಂಸ್ಥೆ 1973ರಲ್ಲಿ ಹುಟ್ಟಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಸ್ಥಾಪಿಸಿದ ಮೇಲೆ ಕೋಕೋ ಬೀಜಕ್ಕೆ ನಮ್ಮದೇ ಸಹಕಾರಿ ವಲಯದಲ್ಲಿ ಒಂದು ಆಸರೆ ಉಂಟಾಗಿದೆ. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ, ಸಾಲು ಬಿಟ್ಟು ಸಾಲಿನಂತೆ 2.7 ಮತ್ತು 5.4 ಮೀಟರ್ ಅಂತರಕ್ಕೆ ಕೋಕೋ ಕೂರಿಸಿದರೆ ಎಕರೆಗೆ ಸುಮಾರು 275 ಗಿಡ ಹಿಡಿಯುತ್ತದೆ. 2014ರ ಮಾರ್ಗಸೂಚಿಯಲ್ಲಿ ಕೋಕೋಗೆ ಹೆಕ್ಟೇರಿಗೆ ಘಟಕ ವೆಚ್ಚ ರೂ. 50,000, ಅದರ ಶೇಕಡ 40, ಅಂದರೆ ರೂ. 20,000 ಸಹಾಯಧನ. ಎಕರೆಗೆ ಇಳಿಸಿದರೆ ರೂ. 8,000. ಅದೂ ಮೂರು ಕಂತುಗಳಲ್ಲಿ, 60, 20, 20ರ ಪ್ರಮಾಣದಲ್ಲಿ:

ಮೊದಲ ವರ್ಷ ರೂ. 4,800.
ಎರಡನೆಯ ವರ್ಷ ರೂ. 1,600, ಆಗ ಶೇಕಡ 75 ಗಿಡ ಬದುಕಿರಬೇಕು.
ಮೂರನೆಯ ವರ್ಷ ರೂ. 1,600, ಆಗ ಶೇಕಡ 90 ಗಿಡ ಬದುಕಿರಬೇಕು.

275ರಲ್ಲಿ ಶೇಕಡ 75 ಎಂದರೆ 206 ಗಿಡ, ಶೇಕಡ 90 ಎಂದರೆ 248 ಗಿಡ. ಎರಡನೆಯ ವರ್ಷಕ್ಕಿಂತ ಮೂರನೆಯ ವರ್ಷ ಹೆಚ್ಚು ಗಿಡ ಹೇಗೆ ಬದುಕಿರಲು ಸಾಧ್ಯ ಎಂದು ಸದಸ್ಯರೊಬ್ಬರು ಕೇಳಿದ್ದರು. ಸತ್ತ ಗಿಡದ ಗುಂಡಿಗೆ ಮರುಸಸಿ ಇಟ್ಟವನಿಗೆ ಸಾಧ್ಯ. ಮೊದಲ ಕಂತು ಪಡೆದು ತೋಟದ ಕಡೆ ತಿರುಗಿ ನೋಡದವನಿಗೆ ಸಾಧ್ಯವಿಲ್ಲ. ಕಂತಿನ ಏರ್ಪಾಡು ನಮ್ಮನ್ನು ಪೀಡಿಸಲು ಹುಟ್ಟಿದ್ದಲ್ಲ. ಬೇಸಿಗೆಯಲ್ಲಿ ಎರಡು ಕೊಡ ನೀರು ಹಾಕುವವನನ್ನು ಗುರುತಿಸಲು ಹುಟ್ಟಿದ್ದು.

ಈ ಲೆಕ್ಕದಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಎಕರೆಗೆ ಮೂರು ವರ್ಷದಲ್ಲಿ ಎಂಟು ಸಾವಿರ. ಗುಂಡಿ ತೆಗೆಯುವ ಆಳಿನ ಕೂಲಿಯನ್ನು ನೆನೆದರೆ ಇದು ಬೆಂಬಲವೇ ಹೊರತು ಬಂಡವಾಳವಲ್ಲ. ಎಂಟು ಸಾವಿರದ ಆಸೆಗೆ ಕೋಕೋ ಹಾಕಬಾರದು. ಕೋಕೋ ಹಾಕಬೇಕೆಂದು ನಿಶ್ಚಯಿಸಿದವನು ಎಂಟು ಸಾವಿರವನ್ನು ಬಿಡಬಾರದು.

ನರ್ಸರಿಗೆ ಸಾಲ, ಸಾಲದ ತುದಿಯಲ್ಲಿ ಸಹಾಯಧನ

ಸಣ್ಣ ನರ್ಸರಿ ಹಾಕುವ ಉತ್ಸಾಹ ನಮ್ಮ ಯುವ ಸದಸ್ಯರಲ್ಲಿ ಕಾಣುತ್ತಿದೆ. ಒಳ್ಳೆಯ ಸಸಿ ಸಿಗದೆ ಕಷ್ಟಪಡುವ ಸೀಮೆ ನಮ್ಮದು. ಕೊಡಗಿನ ಕಿತ್ತಳೆ ಅವನತಿಗೆ ಇಳಿದದ್ದನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಆ ಗಿಡಗಳನ್ನು ಕೊಂದ ಗ್ರೀನಿಂಗ್ ರೋಗ ಚಿಗುರು ಹೀರುವ ಕೀಟದಿಂದ ಮಾತ್ರವಲ್ಲ, ರೋಗದ ತಾಯಿಮರದಿಂದ ತೆಗೆದ ಕಣ್ಣುಕಸಿಯಿಂದಲೂ ಹರಡುತ್ತದೆ. ಕೊಂಡು ತಂದ ಸಸಿಯೊಡನೆ ರೋಗವನ್ನೂ ಕೊಂಡು ತಂದಂತೆ. ಪ್ರಮಾಣಿತ ತಾಯಿಮರ ಬೇಕು, ನರ್ಸರಿಗೆ ಮಾನ್ಯತೆ ಬೇಕು ಎಂದು ಸರ್ಕಾರ ಹಟ ಹಿಡಿಯುವುದು ಇದಕ್ಕಾಗಿಯೇ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು ರೋಗಮುಕ್ತ ಸಸಿಗಳಿಗಾಗಿಯೇ ರೂ. 1,765.67 ಕೋಟಿಯ ಶುದ್ಧ ಸಸಿ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಯೋಜಿಸಿದ ಒಂಬತ್ತು ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಅದೇ ಸಂಸ್ಥೆಯ ಕೇಂದ್ರ ಕೊಡಗಿನ ಚೆಟ್ಟಳ್ಳಿಯಲ್ಲಿರುವುದು ಸದಸ್ಯರಿಗೆ ತಿಳಿದೇ ಇದೆ. ಬೆಣ್ಣೆಹಣ್ಣು, ರಂಬುಟಾನ್ ಹಾಕುವವರು ಸಸಿ ಕೊಳ್ಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬರುವುದು ಲೇಸು.

ಇನ್ನು ಹಣದ ಮಾತು. ಒಂದು ಹೆಕ್ಟೇರಿನ ಸಣ್ಣ ನರ್ಸರಿಗೆ 2014ರ ಮಾರ್ಗಸೂಚಿಯ ಘಟಕ ವೆಚ್ಚ ರೂ. 15 ಲಕ್ಷ. ಖಾಸಗಿಯವರಿಗೆ ಅದರ ಶೇಕಡ 50, ಅಂದರೆ ರೂ. 7,50,000 ಸಹಾಯಧನ. ಆದರೆ ಅದು ಸಾಲಕ್ಕೆ ಜೋಡಿಸಿದ ಸಹಾಯಧನ. ಇದರರ್ಥ, ಮೊದಲು ಬ್ಯಾಂಕು ನಿಮಗೆ ಅವಧಿ ಸಾಲ ಮಂಜೂರು ಮಾಡಬೇಕು. ಸಹಾಯಧನ ನಿಮ್ಮ ಕೈಗೆ ಬಾರದೆ ಬ್ಯಾಂಕಿಗೆ ಹೋಗುತ್ತದೆ, ಕೊನೆಯಲ್ಲಿ ಸಾಲಕ್ಕೆ ವಜಾ ಆಗುತ್ತದೆ. ಬ್ಯಾಂಕು ಬೇಡವೆಂದರೆ ಸಹಾಯಧನವೂ ಇಲ್ಲ.

ಉದಾಹರಣೆಗೆ, 15 ಲಕ್ಷದಲ್ಲಿ ಕಾಲು ಭಾಗ, ರೂ. 3,75,000 ನಿಮ್ಮದು, ಉಳಿದ ರೂ. 11,25,000 ಸಾಲ, ಬಡ್ಡಿ ಶೇಕಡ 10 ಎಂದು ಇಟ್ಟುಕೊಳ್ಳೋಣ. ಸಹಾಯಧನ ಬ್ಯಾಂಕಿಗೆ ತಲುಪುವ ತನಕ ನೀವು ಪೂರ್ತಿ ಸಾಲಕ್ಕೆ ಬಡ್ಡಿ ಕಟ್ಟುತ್ತೀರಿ. ಏಳೂವರೆ ಲಕ್ಷ ಒಂದು ತಿಂಗಳು ತಡವಾದರೆ ಆ ತಡಕ್ಕೆ ಬೀಳುವ ಬಡ್ಡಿ ರೂ. 6,250. ಎಂಟು ತಿಂಗಳು ತಡವಾದರೆ ರೂ. 50,000. ಯೋಜನಾ ವರದಿ ಬರೆದುಕೊಡುವವರು ಈ ಸಾಲನ್ನು ಬರೆಯುವುದಿಲ್ಲ, ನೀವೇ ಬರೆದುಕೊಳ್ಳಬೇಕು.

ಮತ್ತೊಂದು ಷರತ್ತು, ಈ ನರ್ಸರಿಯಲ್ಲಿ ವರ್ಷಕ್ಕೆ ಕನಿಷ್ಠ 25,000 ಸಸಿ ಬೆಳೆಸಬೇಕು. ಎಕರೆಗೆ 275 ಕೋಕೋ ಎಂದರೆ 25,000 ಸಸಿ ಸುಮಾರು 90 ಎಕರೆಗೆ ಸಾಕು. ಪ್ರತಿ ವರ್ಷವೂ 90 ಎಕರೆ ಹೊಸ ನಾಟಿ ಮಾಡುವ ಗಿರಾಕಿಗಳು ನಿಮ್ಮ ಸುತ್ತ ಇದ್ದಾರೆಯೇ? ನಮ್ಮ ನೆರೆಯ ಊರಿನ ತರುಣನೊಬ್ಬ ಈ ಪ್ರಶ್ನೆ ಕೇಳಿಕೊಳ್ಳದೆ ಹೊರಟ. ನೆರಳುಬಲೆಯ ಮನೆ ಎದ್ದಿತು, ಸಸಿಗಳೂ ಚೆನ್ನಾಗಿ ಬಂದವು, ಗಿರಾಕಿ ಮಾತ್ರ ಬರಲಿಲ್ಲ. ಮೂರನೆಯ ವರ್ಷ ಬಲಿತು ಬೇರು ಸುತ್ತಿದ ಸಸಿಗಳನ್ನು ಆತ ಹಳ್ಳದಂಚಿಗೆ ಸುರಿದ. ಸಾಲ ತೀರಿಸಲು ತಂದೆಯ ಕಾಲದ ಅರ್ಧ ಎಕರೆ ಕಾಫಿ ಬೇರೆಯವರ ಪಾಲಾಯಿತು. ಸಹಾಯಧನ ಸಿಕ್ಕಿತ್ತು, ಅದು ಆತನನ್ನು ಉಳಿಸಲಿಲ್ಲ. ಸಹಾಯಧನ ಸಿಗದೆ ಹೋದ ನಾವು ನಷ್ಟಪಟ್ಟೆವು. ಸಿಕ್ಕಿದ ಆತ ನಮಗಿಂತ ಹೆಚ್ಚು ನಷ್ಟಪಟ್ಟ. ಈ ಎರಡನ್ನು ಪಕ್ಕ ಪಕ್ಕದಲ್ಲಿಟ್ಟು ಸದಸ್ಯರು ಯೋಚಿಸಬೇಕು.

ಸಣ್ಣ ಬೆಳೆಗಾರ, ಸಣ್ಣ ರೈತ

ಈ ಎರಡು ಮಾತುಗಳು ಒಂದೇ ಎಂದು ತಿಳಿದು ಅನೇಕರು ಎಡವಿದ್ದಾರೆ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ತನಕ ಕಾಫಿ ಇರುವವರೆಲ್ಲ ಸಣ್ಣ ಬೆಳೆಗಾರರು. ಕೃಷಿ, ತೋಟಗಾರಿಕೆ ಇಲಾಖೆಗಳ ಲೆಕ್ಕದಲ್ಲಿ 2 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 5 ಎಕರೆ ತನಕ ಮಾತ್ರ ಸಣ್ಣ ರೈತ. 1 ಹೆಕ್ಟೇರಿನ ಒಳಗೆ ಅತಿಸಣ್ಣ ರೈತ. ಆರು ಎಕರೆ ಕಾಫಿ, ಒಂದು ಎಕರೆ ಅಡಿಕೆ ಇರುವ ಸದಸ್ಯರು ಮಂಡಳಿಗೆ ಸಣ್ಣವರು, ಇಲಾಖೆಗೆ ಅಲ್ಲ.

ಇದರ ಪರಿಣಾಮ ಹನಿ ನೀರಾವರಿಯಲ್ಲಿ ಕಾಣುತ್ತದೆ. ಪ್ರತಿ ಹನಿಗೆ ಅಧಿಕ ಬೆಳೆ ಎಂಬ ಯೋಜನೆ 2015-16ರಲ್ಲಿ ಆರಂಭವಾಯಿತು. ಅದರ ಕೇಂದ್ರ ಮಾರ್ಗಸೂಚಿಯಂತೆ ಸಣ್ಣ, ಅತಿಸಣ್ಣ ರೈತರಿಗೆ ಘಟಕ ವೆಚ್ಚದ ಶೇಕಡ 55, ಇತರರಿಗೆ ಶೇಕಡ 45. ನಮ್ಮ ರಾಜ್ಯ ತನ್ನ ಕಡೆಯಿಂದ ಸೇರಿಸಿ ಮೊದಲ 2 ಹೆಕ್ಟೇರಿಗೆ ಶೇಕಡ 90ರವರೆಗೆ ಕೊಡುತ್ತ ಬಂದಿದೆ. ಒಬ್ಬರಿಗೆ ಒಟ್ಟು 5 ಹೆಕ್ಟೇರಿನ ಮಿತಿ ಇದೆ. ಒಮ್ಮೆ ನೆರವು ಪಡೆದ ಅದೇ ಜಮೀನಿಗೆ ಮತ್ತೆ ಕೇಳಬೇಕಾದರೆ 7 ವರ್ಷ ಕಾಯಬೇಕು. ಅಣ್ಣನ ಕಾಲದಲ್ಲಿ ಪಡೆದದ್ದನ್ನು ತಮ್ಮ ತಿಳಿಯದೆ ಅರ್ಜಿ ಹಾಕಿದರೂ ಸರ್ವೆ ನಂಬರಿನ ಮೇಲೆ ಅದು ಕಂಡುಬರುತ್ತದೆ. ಏಳು ವರ್ಷ ಬಾಳುವ ಕೊಳವೆಯನ್ನೇ ಹಾಕಿಸಿ; ಕೆಲವು ಸಾವಿರ ಉಳಿಸಲು ಕೀಳು ಸಾಮಾನು ಒಪ್ಪಬೇಡಿ.

ಪಹಣಿಯಲ್ಲಿ ಹೆಸರಿಲ್ಲದವರು

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ವಿಷಯ. ಮಹಾಸಭೆಯಲ್ಲಿ ಒಂದು ಮೂಲೆಯಲ್ಲಿ ಕುಳಿತಿದ್ದ ಮಹಿಳಾ ಸದಸ್ಯರೊಬ್ಬರು ಸಭೆ ಮುಗಿದ ಮೇಲೆ ಬಂದು ಮಾತನಾಡಿದರು. ಒಂದೂವರೆ ಎಕರೆ ಅಡಿಕೆ ತೋಟ. ಪತಿ ತೀರಿಕೊಂಡು ಆರು ವರ್ಷ. ಎಲೆಚುಕ್ಕೆ ರೋಗ ಬಂದು ಇಳುವರಿ ಇಳಿದಿದೆ. ಕೋಕೋ, ಮೆಣಸು ಹಾಕಲು ಸಿದ್ಧರಿದ್ದಾರೆ. ಗುಂಡಿಗಳನ್ನು ತಾವೇ ತೆಗೆದಿದ್ದಾರೆ. ಆದರೆ ಪಹಣಿ ಇಂದಿಗೂ ಮಾವನವರ ಹೆಸರಿನಲ್ಲಿದೆ. ಮಾವನವರು ಕಾಲವಾಗಿ ಇಪ್ಪತ್ತು ವರ್ಷ ಕಳೆದಿದೆ. ಪಹಣಿಯಲ್ಲಿ ಹೆಸರಿಲ್ಲದೆ ಆ ಜಮೀನು ಅವರ ಫ್ರೂಟ್ಸ್ ನೋಂದಣಿ ಸಂಖ್ಯೆಗೆ ಸೇರುವುದಿಲ್ಲ. ಆ ಸಂಖ್ಯೆಯಿಲ್ಲದೆ ಇಂದು ಯಾವ ಸಹಾಯಧನದ ಅರ್ಜಿಯೂ ಮುಂದೆ ಹೋಗುವುದಿಲ್ಲ. ದಿನವೂ ತೋಟಕ್ಕೆ ಇಳಿಯುವವರು ಅವರು, ಕಾಗದದಲ್ಲಿ ಅವರಿಲ್ಲ.

ನಮ್ಮ ಮಲೆನಾಡಿನಲ್ಲಿ ಇಂಥವರು ಒಬ್ಬಿಬ್ಬರಲ್ಲ. ಅವಿಭಕ್ತ ಕುಟುಂಬದ ಜಂಟಿ ಖಾತೆ, ಕೊಡಗಿನ ಜಮ್ಮಾ ಬಾಣೆ, ಪಾಲಾಗಿಯೂ ನೋಂದಣಿಯಾಗದ ಹಿಸ್ಸೆ, ಎಲ್ಲ ಕಡೆಯೂ ಇದೇ ತೊಡಕು. ಬೇಸರದ ಸಂಗತಿಯೆಂದರೆ ಈ ಸದಸ್ಯರ ಅರ್ಜಿಯನ್ನು ಮೂರು ವರ್ಷದ ಹಿಂದೆ ನಾವೇ, ಸಂಘದ ಕಛೇರಿಯಲ್ಲಿ, ಪಹಣಿ ಸರಿಯಿಲ್ಲ ಎಂದು ಒಂದು ಮಾತು ಹೇಳಿ ಹಿಂದಕ್ಕೆ ಕೊಟ್ಟಿದ್ದೆವು. ಸರಿ ಮಾಡಿಸುವುದು ಹೇಗೆಂದು ಹೇಳಲಿಲ್ಲ. ಅದು ನಮ್ಮ ತಪ್ಪು.

ದಾರಿ ಇದೆ. ಹಕ್ಕುದಾರರು ಮೃತರಾದಾಗ ಮಾಡಿಸುವ ಖಾತೆ ಬದಲಾವಣೆಗೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆ, ಇವನ್ನು ಸಿದ್ಧಪಡಿಸಿ ನಾಡಕಛೇರಿಯಲ್ಲಿ ಅರ್ಜಿ ಕೊಡಬೇಕು. ಎರಡು ತಲೆಮಾರಿನ ಸಾವು ದಾಖಲಾಗಬೇಕಾದಲ್ಲಿ ಎರಡರ ಪತ್ರವೂ ಬೇಕು. ವಾರಸುದಾರರು ಊರೂರಿಗೆ ಚದರಿರುವುದರಿಂದ ಸಹಿಗೇ ತಿಂಗಳುಗಳು ಹಿಡಿಯುತ್ತವೆ. ಹಬ್ಬಕ್ಕೆ, ಶ್ರಾದ್ಧಕ್ಕೆ ಎಲ್ಲರೂ ಊರಿಗೆ ಬಂದಾಗ ಈ ಕೆಲಸ ಮುಗಿಸಿಕೊಳ್ಳಿ. ಖಾತೆಯಾದ ಮೇಲೆ ಫ್ರೂಟ್ಸ್ ನೋಂದಣಿಯಲ್ಲಿ ಆ ಸರ್ವೆ ನಂಬರನ್ನು ಸೇರಿಸಲು ಮರೆಯಬೇಡಿ. ಬೆಳೆ ಸಮೀಕ್ಷೆಯಲ್ಲಿ ತೋಟದ ನಿಜವಾದ ಬೆಳೆ ದಾಖಲಾಗಿದೆಯೇ ಎಂದೂ ನೋಡಿಕೊಳ್ಳಿ. ಅಡಿಕೆ ಇರುವ ಕಡೆ ಭತ್ತ ಎಂದಿದ್ದರೆ ಅಂತರಬೆಳೆಯ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಮನೆಯಲ್ಲಿ ಕುಳಿತು ಹಾಕುವ ಲೆಕ್ಕ

ಈಗ ಎಲ್ಲವನ್ನೂ ಕ್ರಮವಾಗಿ ಸೇರಿಸೋಣ. ಒಂದು ಹಾಳೆಯನ್ನು ತೆಗೆದುಕೊಂಡು ಕೆಳಗಿನವನ್ನು ಬರೆಯಿರಿ.

1. ಈ ಕೆಲಸಕ್ಕೆ ನಿಜವಾಗಿ ತಗಲುವ ಖರ್ಚು ಎಷ್ಟು? ಸರ್ಕಾರದ ಘಟಕ ವೆಚ್ಚವನ್ನಲ್ಲ, ನಿಮ್ಮೂರಿನ ಮೇಸ್ತ್ರಿಯ, ಆಳಿನ, ಲಾರಿಯ ಖರ್ಚನ್ನು ಬರೆಯಿರಿ.

2. ಸಹಾಯಧನ ಒಂದು ರೂಪಾಯಿಯೂ ಬಾರದಿದ್ದರೆ ಈ ಕೆಲಸ ಎಷ್ಟು ವರ್ಷದಲ್ಲಿ ತನ್ನ ಖರ್ಚನ್ನು ಹಿಂದಿರುಗಿಸುತ್ತದೆ? ಹಿಂದಿರುಗಿಸದು ಎಂದಾದರೆ ಹಾಳೆಯನ್ನು ಮಡಿಸಿ ಇಟ್ಟುಬಿಡಿ. ಸಹಾಯಧನ ನಷ್ಟದ ಕೆಲಸವನ್ನು ಲಾಭದ ಕೆಲಸ ಮಾಡುವುದಿಲ್ಲ, ನಷ್ಟವನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ ಅಷ್ಟೆ.

3. ಹಿಂದಿರುಗಿಸುತ್ತದೆ ಎಂದಾದರೆ, ಇಂದಿನ ಘಟಕ ವೆಚ್ಚದ ಮೇಲೆ ಸಹಾಯಧನ ಎಷ್ಟೆಂದು ಬರೆದು, ಅದನ್ನು ನಿಜ ಖರ್ಚಿನಿಂದ ಕಳೆಯಿರಿ. ಉಳಿದದ್ದು ನಿಮ್ಮ ಪಾಲು. ಅದು ಎಲ್ಲಿಂದ ಬರುತ್ತದೆ?

4. ಸಹಾಯಧನ ಒಂದು ವರ್ಷ ತಡವಾದರೆ ಅದರ ಬಡ್ಡಿ ಎಷ್ಟು? ಅದನ್ನೂ ಖರ್ಚಿಗೆ ಸೇರಿಸಿ.

5. ಪಹಣಿ, ನೋಂದಣಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಈ ಮೂರರಲ್ಲಿಯೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ?

6. ಕಾರ್ಯಾದೇಶ ಕೈಗೆ ಬಂದಿದೆಯೇ? ಬಾರದೆ ಗುದ್ದಲಿ ಮುಟ್ಟಬೇಡಿ.

ಅರ್ಜಿಯನ್ನು ಏಪ್ರಿಲ್, ಮೇ ತಿಂಗಳಲ್ಲಿಯೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯಲ್ಲೋ ಕೊಟ್ಟು, ಸ್ವೀಕೃತಿ ಪಡೆದು, ಅದನ್ನು ಪಹಣಿಯ ಜೊತೆಯಲ್ಲಿಯೇ ಇಡಿ. ಗುರಿ ಬಂದಿಲ್ಲ ಎಂದರೂ ಅರ್ಜಿಯನ್ನು ಕೊಟ್ಟೇ ಬನ್ನಿ. ಹಣ ಬಂದಾಗ ಕಛೇರಿಯವರು ನೋಡುವುದು ಕೈಯಲ್ಲಿರುವ ಅರ್ಜಿಗಳನ್ನು.

ಸಹಾಯಧನ ಯಾರದೋ ಕೃಪೆಯಲ್ಲ. ನಾವೂ ನೀವೂ ಕಟ್ಟಿದ ತೆರಿಗೆಯ ಹಣ ಅದು. ಆದುದರಿಂದ ಕೇಳಲು ಸಂಕೋಚ ಬೇಡ, ಹಾಗೆಯೇ ಅದರ ಷರತ್ತನ್ನು ಮುರಿಯುವ ಹಕ್ಕೂ ನಮಗಿಲ್ಲ. ಬೆಳೆಯನ್ನು ಆರಿಸಬೇಕಾದದ್ದು ನಮ್ಮ ಮಣ್ಣು, ನಮ್ಮ ಮಳೆ, ನಮ್ಮ ಮಾರುಕಟ್ಟೆ. ಆರಿಸಿದ ಬೆಳೆಗೆ ಊರುಗೋಲಾಗಿ ಸಹಾಯಧನ ಬರಲಿ. ಊರುಗೋಲು ದಾರಿ ತೋರಿಸುವುದಿಲ್ಲ.

ಮೇಲೆ ಹೇಳಿದ ಮಹಿಳಾ ಸದಸ್ಯರ ಪೌತಿ ಖಾತೆಯ ಕಾಗದಗಳನ್ನು ಸಂಘದ ಕಛೇರಿಯಲ್ಲಿಯೇ ಕುಳಿತು ಸಿದ್ಧಪಡಿಸಿ ನಾಡಕಛೇರಿಗೆ ಕೊಟ್ಟಿದ್ದೇವೆ. ದೂರದೂರಿನಲ್ಲಿರುವ ಮೈದುನರೊಬ್ಬರ ಸಹಿ ಬಾಕಿ ಇತ್ತು. ಅವರು ಕಳೆದ ವಾರ ಬಂದು ಹಾಕಿ ಹೋದರು. ಗುಂಡಿಗಳು ಈ ಮಳೆಗಾಲ ಖಾಲಿಯಾಗಿಯೇ ಕಳೆಯಬಹುದು. ಬರುವ ಮಳೆಗಾಲಕ್ಕೆ ಹಾಗಾಗಬಾರದು. ಇದೇ ಸ್ಥಿತಿಯಲ್ಲಿರುವ ಸದಸ್ಯರು ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ 10ರಿಂದ 1 ಗಂಟೆಯ ತನಕ ಸಂಘದ ಕಛೇರಿಗೆ ಬರಬೇಕೆಂದು ವಿನಂತಿ. ಬರುವಾಗ ಪಹಣಿ, ಆಧಾರ್, ಪಾಸ್‌ಬುಕ್, ಮತ್ತು ಮೇಲಿನ ಆರು ಪ್ರಶ್ನೆಗಳಿಗೆ ಉತ್ತರ ಬರೆದ ಹಾಳೆಯನ್ನು ತನ್ನಿ. ಉತ್ತರ ಅರ್ಧವಾಗಿದ್ದರೂ ಚಿಂತೆಯಿಲ್ಲ, ಉಳಿದ ಅರ್ಧವನ್ನು ಒಟ್ಟಿಗೆ ಕುಳಿತು ಬರೆಯೋಣ.

ಕಾರ್ಯದರ್ಶಿ